ಒನ್ ಟನ್ ಗಾಡಿ, ಎಂಟನೇ ತಿಂಗಳು: ಓಡುವುದು ಮೊದಲೇ ಬಂದಿತ್ತು, ಈಗ ನಿಲ್ಲುವುದೂ ಬಂತು

ಹಳೆ ಮಿಲಿಟರಿ ಗಾಡಿ ರಿಪೇರಿ ಮಾಡುತ್ತಿರುವ ಜಾಗಕ್ಕೆ ಮಳೆ ಶುರುವಾಗುವ ಮುಂಚೆ ಶೀಟ್ ಹಾಕಿಸಿಬಿಡೋಣ ಅಂದುಕೊಂಡಿದ್ದೆ, ಆಗಲಿಲ್ಲ. ಮೇ ತಿಂಗಳ ಅರ್ಧ ಕೆಲಸ ಟಾರ್ಪಾಲಿನ ಕೆಳಗೇ ನಡೆಯಿತು. ನಮ್ಮದು ಕೆಂಗೇರಿಯಿಂದ ಸ್ವಲ್ಪ ಆಚೆ, ಥರ್ಟಿ ಫಾರ್ಟಿ ಸೈಟ್, ಅದರಲ್ಲಿ ಮನೆ ಹೋಗಿ ಉಳಿದ ಜಾಗಕ್ಕೆ ಸ್ಕೂಟರ್ ನಿಲ್ಲಿಸಬಹುದು ಅಷ್ಟೇ. ಪಕ್ಕದ ಖಾಲಿ ಸೈಟಿನವರು ದೊಡ್ಡ ಮನಸ್ಸು ಮಾಡಿ ಗಾಡಿ ನಿಲ್ಲಿಸಿಕೊಳ್ಳಿ ಅಂದರು, ಅವರು ಮನೆ ಕಟ್ಟಲು ಶುರು ಮಾಡುವ ಮೊದಲು ಮುಗಿಸಬೇಕು. ಅದೇ ನನ್ನ ಡೆಡ್‌ಲೈನ್.

ಗಾಡಿ ಗೊತ್ತಿಲ್ಲದವರಿಗೆ: ಇದು ನಿಸ್ಸಾನ್ ಒನ್ ಟನ್, ಸೇನೆಯದು. ಜಬಲ್ಪುರದ ವೆಹಿಕಲ್ ಫ್ಯಾಕ್ಟರಿಯಲ್ಲಿ ಕಟ್ಟಿದ್ದು. ಸೇನೆಯ ಜೊಂಗಾ ಜೀಪ್ ನೋಡಿರುತ್ತೀರಿ, ಅದರ ಅಣ್ಣ ಅಂದುಕೊಳ್ಳಿ. ಅದೇ ಆರು ಸಿಲಿಂಡರಿನ 3956 ಸಿಸಿ ಪೆಟ್ರೋಲ್ ಎಂಜಿನ್ ಇದರಲ್ಲೂ ಇದೆ. ಹರಾಜಿನಲ್ಲಿ ಒಬ್ಬ ಕಂಟ್ರಾಕ್ಟರ್ ತಗೊಂಡು, ಕೆಎ ನಂಬರ್ ಮಾಡಿಸಿ, ನೀಲಿ ಬಣ್ಣ ಬಳಿದು ಹತ್ತು ವರ್ಷ ದುಡಿಸಿದರು. ಆಮೇಲೆ ಸಕಲೇಶಪುರದ ಕಡೆ ಒಂದು ತೋಟ. ಅಲ್ಲಿಂದ ನನಗೆ. ಲೀಟರಿಗೆ ಮೂರೂವರೆ ಕಿಲೋಮೀಟರ್ ಕೊಟ್ಟರೆ ಅವತ್ತು ಹಬ್ಬ.

ಎಲ್ಲರೂ ಕೇಳುವ ಮೊದಲ ಪ್ರಶ್ನೆ, ಡೀಸೆಲ್ ಎಂಜಿನ್ ಕೂರಿಸಿಬಿಡಬಾರದಾ? ಕೂರಿಸಬಹುದು, ಬಹಳ ಜನ ಕೂರಿಸಿದ್ದಾರೆ, ಗುಜರಿಯಲ್ಲಿ ಎಂಜಿನ್ ಸಿಗುತ್ತದೆ. ಆದರೆ ಆರ್‌ಸಿಯಲ್ಲಿ ಎಂಜಿನ್ ನಂಬರೂ ಇದೆ, ಪೆಟ್ರೋಲ್ ಅಂತಲೂ ಇದೆ. ಗಾಡಿಯ ಮೂಲ ವಿವರ ಬದಲಾಗುವಂಥ ಮಾರ್ಪಾಡಿಗೆ ತಡೆ ಹಾಕುವ ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಇದೆ, 2019ರಲ್ಲಿ ಸುಪ್ರೀಂ ಕೋರ್ಟ್ ಅದನ್ನು ಇನ್ನಷ್ಟು ಬಿಗಿಯಾಗಿ ಹೇಳಿತು, ಆರ್‌ಟಿಒ ಒಪ್ಪಿಗೆ ಇಲ್ಲದೆ ಮಾಡಿ ನಾಳೆ ಆಕ್ಸಿಡೆಂಟ್ ಆದರೆ ಇನ್ಷೂರೆನ್ಸ್‌ನವರ ಮುಂದೆ ಏನು ಹೇಳುವುದು. ಅದೆಲ್ಲ ಬಿಡಿ, ನಿಜವಾದ ಕಾರಣ ಬೇರೆ. ಆ ಎಂಜಿನ್ ಸ್ಟಾರ್ಟ್ ಆಗಿ ಐಡ್ಲಿಂಗ್‌ಗೆ ಬಂದಾಗ ಬಾನೆಟ್ ಮೇಲೆ ಕಾಫಿ ಲೋಟ ಇಟ್ಟರೆ ಕಾಫಿ ಅಲುಗಾಡುವುದಿಲ್ಲ. ಅದನ್ನು ತೆಗೆದು ಡೀಸೆಲ್ ಹಾಕುವಷ್ಟು ಗಟ್ಟಿ ಮನಸ್ಸು ನನಗಿಲ್ಲ.

ಕಳೆದ ಸಲ ಬರೆದಾಗ ವೈರಿಂಗ್ ಹತ್ತಿರ ನಿಲ್ಲಿಸಿದ್ದೆ. ಇದು 24 ವೋಲ್ಟ್ ಗಾಡಿ. ಎರಡು 12 ವೋಲ್ಟ್ ಬ್ಯಾಟರಿ ಒಂದರ ಹಿಂದೆ ಒಂದು. ತೋಟದವರು ಮಾರುವಾಗ 'ಒಂದು ಬ್ಯಾಟರಿ ಯಾಕೋ ಆರು ತಿಂಗಳಿಗೇ ಹೋಗುತ್ತದೆ ಸಾರ್, ಕಂಪನಿ ಸರಿ ಇಲ್ಲ' ಅಂದಿದ್ದರು. ಕಂಪನಿಯ ತಪ್ಪೇನೂ ಇರಲಿಲ್ಲ. ಯಾರೋ ಸ್ಟೀರಿಯೊಗೆ ಅಂತ ಎರಡು ಬ್ಯಾಟರಿಗಳ ಮಧ್ಯದಿಂದ 12 ವೋಲ್ಟ್ ಎಳೆದಿದ್ದರು. ಆಮೇಲೆ ಅದೇ ವೈರಿಗೆ ಹಾರ್ನ್, ಫಾಗ್ ಲೈಟ್, ಫೋನ್ ಚಾರ್ಜರ್ ಎಲ್ಲ ಸೇರಿಕೊಂಡಿವೆ. ಎಂಜಿನ್ ಓಡಿಸಿ ಮೀಟರ್ ಹಿಡಿದೆ. ಎರಡೂ ಸೇರಿ 28.2, ಅದು ಸರಿಯಾಗೇ ಇದೆ. ಬಿಡಿಬಿಡಿಯಾಗಿ ನೋಡಿದರೆ ಒಂದರಲ್ಲಿ 12.9, ಇನ್ನೊಂದರಲ್ಲಿ 15.3! ಚಾರ್ಜಿಂಗ್ ನೋಡಿಕೊಳ್ಳುವ ರೆಗ್ಯುಲೇಟರಿಗೆ ಕಾಣುವುದು ಒಟ್ಟು ಮೊತ್ತ ಮಾತ್ರ. ಹಾಗಾಗಿ ಒಂದು ಬ್ಯಾಟರಿಗೆ ಯಾವಾಗಲೂ ಅರೆಹೊಟ್ಟೆ, ಇನ್ನೊಂದಕ್ಕೆ ತಿಂದು ತಿಂದು ಅಜೀರ್ಣ, ಒಳಗಿನ ನೀರು ಗ್ಯಾಸಾಗಿ ಹೋಗುತ್ತಿತ್ತು. ಎಸ್‌ಪಿ ರೋಡಿನಲ್ಲಿ 24ರಿಂದ 12ಕ್ಕೆ ಇಳಿಸುವ ಕನ್ವರ್ಟರ್ ತಂದು ಎರಡು ಬ್ಯಾಟರಿಯ ಎರಡು ತುದಿಗೆ ಜೋಡಿಸಿ, ಮಧ್ಯದ ವೈರ್ ಕತ್ತರಿಸಿ ಬಿಸಾಕಿದೆ. ಈಗ ಎರಡರಲ್ಲೂ 14.1. ಹೆಡ್‌ಲೈಟಿಗೆ ಒದ್ದಾಡಬೇಕಾಗಿಲ್ಲ, ದೊಡ್ಡ ಲಾರಿಗಳೂ 24 ವೋಲ್ಟೇ, ಕಲಾಸಿಪಾಳ್ಯದಲ್ಲಿ ಯಾವ ಲಾರಿ ಎಲೆಕ್ಟ್ರಿಕಲ್ ಅಂಗಡಿಗೆ ಹೋದರೂ ಬಲ್ಬ್ ಸಿಗುತ್ತದೆ.

ಹಳೆ ಮಾಲೀಕರನ್ನು ಬೈದುಕೊಂಡೇ ಈ ಕೆಲಸ ಮುಗಿಸಿದ ಮಾರನೇ ದಿನ ನಾನೇ 12 ವೋಲ್ಟ್‌ನ ಎಲೆಕ್ಟ್ರಿಕ್ ಫ್ಯೂಯಲ್ ಪಂಪ್ ತಂದು ನೇರವಾಗಿ 24ಕ್ಕೆ ಕೊಟ್ಟೆ. ಹತ್ತು ಸೆಕೆಂಡ್ ಚೆನ್ನಾಗಿ ಹಾಡಿತು. ಆಮೇಲೆ ಹೊಗೆ. ಪೆಟ್ರೋಲ್ ಇನ್ನೂ ತುಂಬಿರಲಿಲ್ಲ, ದೇವರು ದೊಡ್ಡವನು.

ಆ ಪಂಪ್ ಬೇಕಾಗಿದ್ದು ಯಾಕೆ ಅಂದರೆ, ಮೂಲದ ಮೆಕ್ಯಾನಿಕಲ್ ಪಂಪಿನ ಡಯಾಫ್ರಾಮ್, ಅಂದರೆ ಒಳಗಿನ ರಬ್ಬರ್ ಪರದೆ, ಹಪ್ಪಳ ನೀರಿಗೆ ಬಿದ್ದ ಹಾಗೆ ಆಗಿತ್ತು. ಈಗ ಬಂಕಿನಲ್ಲಿ ಸಿಗುವುದು ಇ20, ಶೇಕಡ 20 ಎಥನಾಲ್. ಹಳೆ ಕಾಲದ ರಬ್ಬರಿಗೆ ಅದು ಆಗಿಬರುವುದಿಲ್ಲ, ಜೊತೆಗೆ ನೀರನ್ನೂ ಹೀರಿಕೊಳ್ಳುತ್ತದೆ. ಮೂರು ತಿಂಗಳು ನಿಲ್ಲಿಸಿದ ಗಾಡಿಯ ಟ್ಯಾಂಕಿನ ತಳದಲ್ಲಿ ಏನಿತ್ತು ಅಂತ ಹೇಳುವುದಿಲ್ಲ, ಊಟದ ಹೊತ್ತಿಗೆ ಓದುತ್ತಿರಬಹುದು. ಟ್ಯಾಂಕ್ ಇಳಿಸಿ ತೊಳೆದು, ಎಲ್ಲ ಪೈಪು ವೈಟಾನ್ (ಎಥನಾಲ್ ತಡೆಯುವ ರಬ್ಬರ್) ಒಳಪದರದ್ದು ಹಾಕಿ, ಜೆಸಿ ರೋಡಿನಲ್ಲಿ ಅಳತೆ ಕೊಟ್ಟು ಅದೇ ಮೆಟೀರಿಯಲ್‌ನ ಡಯಾಫ್ರಾಮ್ ಕತ್ತರಿಸಿಕೊಂಡು ಬಂದು ಹಳೆ ಪಂಪನ್ನೇ ಮತ್ತೆ ಹಾಕಿದೆ. ಕಾರ್ಬೋರೇಟರ್ ಜೆಟ್, ಅಂದರೆ ಪೆಟ್ರೋಲ್ ಹಾಯುವ ತೂತು, ಒಂದು ಸೈಜ್ ದೊಡ್ಡದು ಮಾಡಬೇಕಾಯಿತು. ಒಂದು ಕಿಲೋ ಪೆಟ್ರೋಲ್ ಸರಿಯಾಗಿ ಉರಿಯಲು 14.7 ಕಿಲೋ ಗಾಳಿ ಬೇಕು, ಎಥನಾಲಿಗೆ ಸುಮಾರು 9 ಸಾಕು. ಹಳೆ ಜೆಟ್ಟಿನಲ್ಲಿ ಇ20 ಹೋದರೆ ಗಾಳಿ ಜಾಸ್ತಿ, ಇಂಧನ ಕಮ್ಮಿ. ಏರು ಬಂದರೆ ಎಂಜಿನ್ ಕೆಮ್ಮುತ್ತಿದ್ದುದು ಅದಕ್ಕೇ. ಈಗ ಕೆಮ್ಮು ನಿಂತಿದೆ, ಮೈಲೇಜ್ ಇನ್ನೂ ಬಿದ್ದಿದೆ.

ಇಷ್ಟರಲ್ಲಿ ಹಾಸನದಿಂದ ಮಾವ ಬಂದರು. ಅಮ್ಮನ ತಮ್ಮ, ಸೇನೆಯ ಗಾಡಿ, ಯಂತ್ರಗಳ ರಿಪೇರಿ ನೋಡಿಕೊಳ್ಳುವ ಇಎಂಇಯಲ್ಲಿ ಹವಾಲ್ದಾರ್ ಆಗಿ ರಿಟೈರ್ ಆದವರು, ವಯಸ್ಸು ಎಪ್ಪತ್ತು ದಾಟಿದೆ. ಬಂದವರು ಕೈಕಾಲು ತೊಳೆಯುವ ಮೊದಲೇ ಪಕ್ಕದ ಸೈಟಿಗೆ ಹೋಗಿ ಗಾಡಿಯ ಸುತ್ತ ಒಂದು ರೌಂಡ್ ಹಾಕಿ, 'ಯಾವನೋ ಇದಕ್ಕೆ ಹಿಂಗೆ ಮಾಡಿದ್ದು?' ಅಂದರು. ನಾನಲ್ಲ ಮಾವ ಅಂದೆ.

ಹಿಂದಿನ ಡಿಫರೆನ್ಷಿಯಲ್ (ಹಿಂದಿನ ಆಕ್ಸಲ್ ಮಧ್ಯದ ದುಂಡನೆ ಗೇರ್ ಪೆಟ್ಟಿಗೆ) ಎದುರಿಗೆ ಚಾಸಿಸ್ ಕೆಳಗೆ ಒಂದು ಪುಟ್ಟ ಲೈಟಿತ್ತು, ಎಲ್ಲಿಗೂ ವೈರ್ ಇಲ್ಲದೆ ನೇತಾಡುತ್ತಿತ್ತು. ರಿವರ್ಸ್ ಲೈಟ್ ಇರಬೇಕು, ಮುರಿದು ಹೋಗಿದೆ ಅಂತ ತೆಗೆದು ಡಬ್ಬಿಗೆ ಹಾಕಿದ್ದೆ. ಮಾವ ಆ ಡಬ್ಬಿ ನೋಡಿ ನಕ್ಕುಬಿಟ್ಟರು. ರಾತ್ರಿ ಕಾನ್ವಾಯ್‌ನಲ್ಲಿ ಹೆಡ್‌ಲೈಟ್ ಹಾಕುವ ಹಾಗಿಲ್ಲ. ಅದಕ್ಕೆ ಆ ದುಂಡನೆ ಡಿಫರೆನ್ಷಿಯಲ್ ಪೆಟ್ಟಿಗೆಗೆ ಬಿಳಿ ಬಣ್ಣ ಬಳಿದು ಈ ಲೈಟ್ ಅದರ ಮೇಲೆ ಬೀಳುವ ಹಾಗೆ ಇಟ್ಟಿರುತ್ತಾರೆ, ಹಿಂದಿನ ಗಾಡಿಯವನು ಆ ಬಿಳಿ ಚುಕ್ಕೆ ನೋಡಿಕೊಂಡು ಬರುತ್ತಾನೆ, ಮೇಲಿನಿಂದ ನೋಡಿದರೆ ಏನೂ ಕಾಣುವುದಿಲ್ಲ. ಗ್ರೀಸು ಕೆರೆದು ನೋಡಿದೆ. ಮೂರು ಪದರದ ಕೆಳಗೆ ಬಿಳಿ ಬಣ್ಣ ಹಾಗೇ ಇದೆ. ಆ ಲೈಟನ್ನು ಮತ್ತೆ ಜೋಡಿಸಿದ್ದೇನೆ, ಮೈಸೂರು ರೋಡಿನಲ್ಲಿ ಅದರಿಂದ ಯಾರಿಗೂ ಏನೂ ಪ್ರಯೋಜನ ಇಲ್ಲ, ಇರಲಿ.

ಮಾವನ ಲೆಕ್ಕ ಸರಳ. ಸೇನೆಯಲ್ಲಿದ್ದಾಗ ಈ ಗಾಡಿಗೆ ದಿನಾ ಫಸ್ಟ್ ಪರೇಡ್, ದಾರಿಯಲ್ಲಿ ನಿಂತಾಗ ಹಾಲ್ಟ್ ಪರೇಡ್, ಸಂಜೆ ಲಾಸ್ಟ್ ಪರೇಡ್ ಆಗುತ್ತಿತ್ತು. ಎಣ್ಣೆ, ನೀರು, ಬ್ಯಾಟರಿ, ಟೈರು, ಸೋರಿಕೆ, ಎಲ್ಲ ನೋಡದೆ ಸೆಲ್ಫ್ ಒತ್ತುವ ಹಾಗಿಲ್ಲ. 'ಇದು ಕೆಟ್ಟಿದ್ದು ಬಾರ್ಡರಿನಲ್ಲಲ್ಲ ಕಣಪ್ಪಾ, ಸಿವಿಲ್‌ಗೆ ಬಂದ ಮೇಲೆ' ಅಂದರು. ಎಂಟು ತಿಂಗಳ ಲೆಕ್ಕದ ಪುಸ್ತಕ ತೆಗೆದು ನೋಡಿದೆ. ನಾನು ಅಪ್‌ಗ್ರೇಡ್ ಅಂತ ಖರ್ಚು ಮಾಡಿದ್ದರಲ್ಲಿ ಮುಕ್ಕಾಲು ಪಾಲು ಯಾರೋ ಹಿಂದೆ ಮಾಡಿದ ಅಪ್‌ಗ್ರೇಡ್ ಬಿಚ್ಚುವುದಕ್ಕೇ ಹೋಗಿದೆ.

ಬ್ರೇಕ್ ಕಥೆ ಮಾತ್ರ ಬೇರೆ. ನನ್ನ ಗಾಡಿಯದು ಒಂದೇ ಸರ್ಕ್ಯೂಟ್, ಅಂದರೆ ಎಲ್ಲೋ ಒಂದು ಪೈಪ್ ಹೋದರೆ ನಾಲ್ಕು ಚಕ್ರದ ಬ್ರೇಕೂ ಹೋದಂತೆ. ಇದೊಂದನ್ನು ಮಾತ್ರ ನಾನು ಬದಲಾಯಿಸಲೇಬೇಕು ಅಂತ ಮೊದಲೇ ನಿರ್ಧರಿಸಿದ್ದೆ, ಮಾವನೂ ಒಪ್ಪಿದರು. ಮುಂದಕ್ಕೆ ಬೇರೆ, ಹಿಂದಕ್ಕೆ ಬೇರೆ ಇರುವ ಟ್ಯಾಂಡಮ್ ಮಾಸ್ಟರ್ ಸಿಲಿಂಡರ್ (ಪೆಡಲ್ ತುಳಿದಾಗ ಬ್ರೇಕ್ ಆಯಿಲ್ ತಳ್ಳುವ ಭಾಗ) ಶಿವಾಜಿನಗರದ ಗುಜರಿಯಲ್ಲಿ ಹುಡುಕಿದೆ. ಮೊದಲು ತಂದಿದ್ದರ ಬೋರ್, ಅಂದರೆ ಒಳಗಿನ ಅಡ್ಡಳತೆ, ಒಂದೂ ಕಾಲು ಇಂಚು, ಹಳೆಯದು ಒಂದು ಇಂಚು. ಕಾಲು ಇಂಚು ತಾನೇ ಅಂದುಕೊಂಡೆ. ಪೆಡಲ್ ಕಲ್ಲಾಗಿಬಿಟ್ಟಿತು. ಲೆಕ್ಕ ಹಾಕಿ ನೋಡಿ, ಪಿಸ್ಟನ್ನಿನ ವಿಸ್ತೀರ್ಣ ಒಂದೂವರೆ ಪಟ್ಟಿಗಿಂತ ಜಾಸ್ತಿ ಆಯಿತು, ಅದೇ ಒತ್ತಡ ಬರಲು ಕಾಲಿನ ಬಲವೂ ಒಂದೂವರೆ ಪಟ್ಟು ಬೇಕು. ವಾಪಸ್ ಹೋಗಿ ಒಂದು ಇಂಚಿನದೇ ತಂದೆ. ಅಂಗಡಿಯವರು ಬದಲಾಯಿಸಿ ಕೊಟ್ಟರು, ಸ್ವಲ್ಪ ಗೊಣಗಿದರು.

ಚಕ್ರದ ಬ್ರೇಕ್ ಶೂ ತಳ್ಳುವ ವೀಲ್ ಸಿಲಿಂಡರುಗಳ ಒಳಗೆ ತುಕ್ಕು ಹಿಡಿದು ಗುಳಿ ಬಿದ್ದಿದ್ದವು. ಬ್ರೇಕ್ ಆಯಿಲ್ ಗಾಳಿಯಿಂದ ನೀರು ಹೀರಿಕೊಳ್ಳುತ್ತದೆ, ಬದಲಾಯಿಸದೆ ವರ್ಷಗಟ್ಟಲೆ ಬಿಟ್ಟರೆ ಹೀಗೇ. ಡಾಟ್ 3 ದರ್ಜೆಯ ಆಯಿಲ್ ಹೊಸದಾಗಿದ್ದಾಗ 205 ಡಿಗ್ರಿಯವರೆಗೆ ಕುದಿಯಬಾರದು ಅಂತ ನಿಯಮ, ನೀರು ಕುಡಿದ ಮೇಲೆ 140ಕ್ಕೆ ಇಳಿಯುತ್ತದೆ. ಘಾಟಿ ಇಳಿಯುವಾಗ ಆ ವ್ಯತ್ಯಾಸ ಗೊತ್ತಾಗುತ್ತದೆ, ಆದರೆ ಗೊತ್ತಾಗುವ ಹೊತ್ತಿಗೆ ತಡವಾಗಿರುತ್ತದೆ. ಪೀಣ್ಯದಲ್ಲಿ ಲೇತಿಗೆ ಕೊಟ್ಟು ಬೋರ್ ಮಾಡಿಸಿ ಸ್ಟೀಲ್ ಸ್ಲೀವ್ ಹಾಕಿಸಿದೆ, ಹೊಸ ಕಪ್ ಕಿಟ್, ಹೊಸ ಪೈಪು. ಏರ್ ತೆಗೆಯಲು ಹೆಂಡತಿ ಪೆಡಲ್ ಮೇಲೆ, ನಾನು ಕೆಳಗೆ. ತುಳಿ, ಹಿಡಿ, ಬಿಡು. ಒಂದೂವರೆ ಗಂಟೆ. ಇನ್ನು ಜಿಮ್ ಫೀಸ್ ಕಟ್ಟುವುದಿಲ್ಲ ಅಂತ ಹೇಳಿ ಒಳಗೆ ಹೋದಳು.

ಟೈರ್ ವಿಷಯ ಒಂದು ಹೇಳಲೇಬೇಕು, ಯಾರಾದರೂ ಇಂಥ ಗಾಡಿ ತಗೊಳ್ಳುವವರಿದ್ದರೆ. ಇದರ ಚಕ್ರದ ಡಿಸ್ಕ್ ಎರಡು ಭಾಗ, ನಡುವೆ ಬೋಲ್ಟ್ ಹಾಕಿ ಕಚ್ಚಿಸಿರುತ್ತಾರೆ. ಗಾಡಿಗೆ ಕಟ್ಟುವ ನಟ್ ಬೇರೆ, ಎರಡು ಭಾಗ ಸೇರಿಸುವ ನಟ್ ಬೇರೆ. ಪಂಕ್ಚರ್ ಅಂಗಡಿಯ ಹುಡುಗ ಗಾಳಿ ತುಂಬಿರುವಾಗಲೇ ಒಳಗಿನ ನಟ್‌ಗೆ ಸ್ಪ್ಯಾನರ್ ಹಾಕಿದ್ದ. ನಾನು ಕೂಗಿದ ರೀತಿಗೆ ಟೀ ಅಂಗಡಿಯವರೆಲ್ಲ ಎದ್ದು ನಿಂತರು. ಬಿಚ್ಚಿದ್ದರೆ ಆ ಕಬ್ಬಿಣದ ಅರ್ಧ ಅವನ ಮುಖಕ್ಕೇ ಹಾರುತ್ತಿತ್ತು. ಮೊದಲು ವಾಲ್ವ್ ಪಿನ್ ತೆಗೆದು ಪೂರ್ತಿ ಗಾಳಿ ಬಿಡಬೇಕು, ಆಮೇಲೆ ಮಿಕ್ಕಿದ್ದು. ಮನೆಗೆ ಬಂದು ಆ ನಟ್‌ಗಳಿಗೆಲ್ಲ ಕೆಂಪು ಬಣ್ಣ ಹಚ್ಚಿದೆ.

ಬಣ್ಣ ಅಂದಮೇಲೆ, ಹಸಿರು ಯಾಕೆ ಹೊಡೆಸುತ್ತಿಲ್ಲ ಅಂತ ಕೇಳಬೇಡಿ. ಆ ಆಲಿವ್ ಗ್ರೀನ್ ಸೇನೆಗೆ ಮಾತ್ರ, ಕೇಂದ್ರ ಮೋಟಾರು ವಾಹನ ನಿಯಮ 121ರಲ್ಲೇ ಇದೆ. ಆರ್‌ಸಿಯಲ್ಲಿ ನೀಲಿ, ನೀಲಿಯೇ ಇರುತ್ತದೆ. ಮಡ್‌ಗಾರ್ಡ್ ಕೆರೆಯುವಾಗ ಕಂಟ್ರಾಕ್ಟರ್ ನೀಲಿಯ ಕೆಳಗೆ ಹಸಿರು, ಅದರ ಮೇಲೆ ಬಿಳಿ ಅಕ್ಷರದಲ್ಲಿ ಟಿಪಿ ಅಂತ ಟೈರ್ ಪ್ರೆಶರ್ ಬರೆದಿದ್ದು ಕಂಡಿತು. ಪ್ರೈಮರ್ ಹೊಡೆಯುವ ಮುಂಚೆ ಮಾವ ಫೋನಿನಲ್ಲಿ ಫೋಟೊ ತೆಗೆದುಕೊಂಡರು.

ಹೋದ ಶನಿವಾರ ಬೆಳಿಗ್ಗೆ ಐದೂವರೆಗೆ ಬಿಡದಿವರೆಗೆ ಹೋಗಿ ಬಂದೆವು. ಮೊದಲ ಸಲ ಸಿಗ್ನಲ್ ನೋಡಿ ಎದೆ ಧಸಕ್ ಅನ್ನಲಿಲ್ಲ. ತಟ್ಟೆ ಇಡ್ಲಿ ಅಂಗಡಿ ಮುಂದೆ ನಿಲ್ಲಿಸಿ ನಾನು ಆರ್ಡರ್ ಕೊಡಲು ಹೋದರೆ ಮಾವ ನಾಪತ್ತೆ. ನೋಡಿದರೆ ಗಾಡಿ ಸುತ್ತ ಹೋಗಿ ಒಂದೊಂದೇ ಹಬ್ ಮುಟ್ಟಿ ನೋಡುತ್ತಿದ್ದಾರೆ, ಹಾಲ್ಟ್ ಪರೇಡ್. ನನ್ನನ್ನು ಕರೆದು ಕೈ ಇಡು ಅಂದರು. ಮೂರು ಬೆಚ್ಚಗಿದ್ದವು, ಹಿಂದಿನ ಎಡಗಡೆಯದು ಕೈ ಇಡಲು ಆಗದಷ್ಟು ಬಿಸಿ. ಬ್ರೇಕ್ ಶೂ ಹಿಡಿದುಕೊಂಡಿರಬೇಕು, ಇಲ್ಲಾ ಬೇರಿಂಗ್ ಟೈಟ್ ಮಾಡಿಬಿಟ್ಟಿದ್ದೇನೆ. ನಿಧಾನವಾಗಿ ಮನೆಗೆ ತಂದು ನಿಲ್ಲಿಸಿದೆವು. ಭಾನುವಾರ ಮಳೆ ಬಿಟ್ಟರೆ ಆ ಡ್ರಮ್ ಬಿಚ್ಚುತ್ತೇನೆ.