ಹಳೆಯ ರಿಜಿಸ್ಟರಿನ ಷರಾ ಮತ್ತು ಹೊಸ ಇ-ಪ್ರಮಾಣಪತ್ರ

ಜನನ-ಮರಣ ನೋಂದಣಿ ವಿಭಾಗದಲ್ಲಿ ವಿಷಯ ನಿರ್ವಾಹಕನಾಗಿರುವ ನನ್ನ ಮೇಜಿಗೆ ಎರಡು ಬಗೆಯ ದಾಖಲೆಗಳು ಬರುತ್ತವೆ: ಇ-ಜನ್ಮ ತಂತ್ರಾಂಶದಲ್ಲಿ ನೇರವಾಗಿ ನೋಂದಣಿಯಾದವು ಮತ್ತು ಕೈಬರಹದ ರಿಜಿಸ್ಟರುಗಳಿಂದ ಕಂಪ್ಯೂಟರಿಗೆ ಏರಿಸಬೇಕಾದವು. ಮೊದಲನೆಯವುಗಳಲ್ಲಿ ತೊಡಕು ಕಡಿಮೆ. ಆಸ್ಪತ್ರೆಯವರು 21 ದಿನಗಳೊಳಗೆ ವರದಿ ಕಳುಹಿಸುತ್ತಾರೆ, ನೋಂದಣಾಧಿಕಾರಿಗಳು ಪರಿಶೀಲಿಸಿ ಡಿಜಿಟಲ್ ಸಹಿ ಮಾಡುತ್ತಾರೆ. 2023ರ ತಿದ್ದುಪಡಿಯ ನಂತರ, ನೋಂದಣಿಯಾದ 7 ದಿನಗಳೊಳಗೆ ಮಾಹಿತಿ ನೀಡಿದವರಿಗೆ ಪ್ರಮಾಣಪತ್ರವನ್ನು ಉಚಿತವಾಗಿ ಕೊಡಬೇಕಾಗಿದೆ.

ಎಚ್ಚರ ಬೇಕಿರುವುದು ಎರಡನೆಯ ಕೆಲಸದಲ್ಲಿ. 1969ರ ಜನನ ಮರಣ ನೋಂದಣಿ ಕಾಯ್ದೆಯ 15ನೇ ಪ್ರಕರಣದಂತೆ, ನಮೂದಿನಲ್ಲಿ ತಪ್ಪಿದ್ದರೆ ಮೂಲ ಬರಹವನ್ನು ಹೊಡೆದುಹಾಕದೆ, ಅಂಚಿನಲ್ಲಿ ತಿದ್ದುಪಡಿಯನ್ನು ಬರೆದು ನೋಂದಣಾಧಿಕಾರಿ ದಿನಾಂಕದೊಂದಿಗೆ ಸಹಿ ಮಾಡುತ್ತಾರೆ. ಹೀಗಾಗಿ ಹಳೆಯ ರಿಜಿಸ್ಟರಿನ ಅಂಕಣದಲ್ಲಿ ತಪ್ಪು ಹೆಸರು ಹಾಗೆಯೇ ಉಳಿದಿರುತ್ತದೆ, ಸರಿಯಾದ ಹೆಸರು ಅಂಚಿನ ಆ ಟಿಪ್ಪಣಿಯಲ್ಲಿ, ಅಂದರೆ ಷರಾದಲ್ಲಿರುತ್ತದೆ. ಅಂಕಣಗಳನ್ನಷ್ಟೇ ನೋಡಿ ಟೈಪು ಮಾಡುವವರ ಕಣ್ಣಿಗೆ ಅದು ಬೀಳುವುದೇ ಇಲ್ಲ.

ವಿದೇಶದ ಕೆಲಸಕ್ಕೆ ಹೊರಟಿದ್ದ ಹೆಣ್ಣುಮಗಳೊಬ್ಬರು ಎರಡು ಪ್ರಮಾಣಪತ್ರಗಳನ್ನು ಕೌಂಟರಿನಲ್ಲಿ ಅಕ್ಕಪಕ್ಕ ಇಟ್ಟು, "ಸಾರ್, ಕೈಯಲ್ಲಿ ಬರೆದದ್ದೇ ಸರಿಯಿದೆ, ಕಂಪ್ಯೂಟರಿನದರಲ್ಲಿ ಅಪ್ಪನ ಹೆಸರೇ ಬೇರೆ ಬಂದಿದೆ" ಎಂದರು. ರಿಜಿಸ್ಟರ್ ತೆಗೆಸಿ ನೋಡಿದಾಗ, ಎಡ ಅಂಚಿನಲ್ಲಿ ಕೆಂಪು ಶಾಯಿಯ ಎರಡು ಸಾಲುಗಳಲ್ಲಿ ಆದೇಶದ ಸಂಖ್ಯೆ, ತಿದ್ದಿದ ಹೆಸರು, ಕೆಳಗೆ ಸಹಿ ಎಲ್ಲವೂ ಇದ್ದವು. ಅವರ ಹೊಸ ಪತ್ರದಲ್ಲಿದ್ದ ಡಿಜಿಟಲ್ ಸಹಿ ಸಿಂಧುವಾಗಿಯೇ ಇತ್ತು, ಕ್ಯೂಆರ್ ಕೋಡ್ ಕೂಡ ಸರಿಯಾಗಿಯೇ ತೆರೆದುಕೊಂಡಿತು. ಕ್ಯೂಆರ್ ಕೋಡ್ ದೃಢಪಡಿಸುವುದು ಕೈಯಲ್ಲಿರುವ ಪತ್ರವೂ ಕಚೇರಿಯ ದತ್ತಾಂಶವೂ ಒಂದೇ ಎಂಬುದನ್ನು ಮಾತ್ರ. ಆ ದತ್ತಾಂಶ ರಿಜಿಸ್ಟರಿಗೆ ಹೊಂದುತ್ತದೆಯೇ ಎಂಬುದನ್ನು ಮನುಷ್ಯರೇ ನೋಡಬೇಕು. ಇಲ್ಲಿ ತೊಂದರೆಗೆ ಸಿಕ್ಕಿದವರು, ವರ್ಷಗಳ ಹಿಂದೆಯೇ ಅಲೆದಾಡಿ ತಿದ್ದುಪಡಿ ಮಾಡಿಸಿಕೊಂಡಿದ್ದ ಕುಟುಂಬದವರು. ಅವರನ್ನು ಮತ್ತೆ ಅರ್ಜಿ, ಅಫಿಡವಿಟ್ಟು ಎಂದು ಓಡಾಡಿಸುವುದು ಸರಿಯಲ್ಲವೆಂದು, ಮೂಲ ಪುಟವನ್ನೇ ನೋಂದಣಾಧಿಕಾರಿಗಳ ಮುಂದಿಟ್ಟು ನಮೂದನ್ನು ಸರಿಪಡಿಸಿಕೊಟ್ಟೆವು.

ಅಂದಿನಿಂದ ನಮ್ಮಲ್ಲಿ ಒಬ್ಬರು ರಿಜಿಸ್ಟರಿನ ಸಾಲನ್ನು ಅಂಚಿನಿಂದಲೇ ಆರಂಭಿಸಿ ಗಟ್ಟಿಯಾಗಿ ಓದುತ್ತಾರೆ, ಇನ್ನೊಬ್ಬರು ಪರದೆಯ ಮೇಲಿನದಕ್ಕೆ ತಾಳೆ ನೋಡುತ್ತಾರೆ. ಅರ್ಜಿದಾರರು ಎದುರಿಗಿದ್ದರೆ ಸಹಿಗೆ ಕಳುಹಿಸುವ ಮೊದಲು ಕರಡನ್ನು ಅವರಿಗೂ ತೋರಿಸುತ್ತೇವೆ. ಇದರಿಂದ ಕೆಲಸ ನಿಧಾನವಾಗುತ್ತದೆಂಬುದು ನಿಜ, ಆದರೆ ಪೌತಿ ಖಾತೆಗೋ (ತೀರಿಹೋದವರ ಆಸ್ತಿಯ ಖಾತೆಯನ್ನು ವಾರಸುದಾರರ ಹೆಸರಿಗೆ ಮಾಡಿಸಲು) ಪಾಸ್‌ಪೋರ್ಟಿಗೋ ಹೋಗಿ ಅಲ್ಲಿ ತಿರಸ್ಕೃತರಾಗಿ ಬರುವವರ ಕಷ್ಟದ ಮುಂದೆ ಈ ವಿಳಂಬ ದೊಡ್ಡದಲ್ಲ.

ಈ ಕೆಲಸವನ್ನು ಕೈಗೆತ್ತಿಕೊಳ್ಳುವ ಸಹೋದ್ಯೋಗಿಗಳಲ್ಲಿ ನನ್ನದೊಂದು ಕೋರಿಕೆಯಿದೆ. ಇಸವಿಯ ಅನುಕ್ರಮ ಹಿಡಿಯದೆ, ಹಾಳೆ ಪುಡಿಯಾಗುತ್ತಿರುವ ರಿಜಿಸ್ಟರುಗಳನ್ನು ಮೊದಲು ಏರಿಸಿರಿ. ಮೊದಲು ಹರಿಯುವುದು ಹಾಳೆಯ ಅಂಚು, ಷರಾ ಇರುವುದೂ ಅಲ್ಲೇ.