ಇನ್‌ಕ್ಯುಬೇಟರ್ ಎಷ್ಟು ವರ್ಷ ಬಾಳಿಕೆ ಬರುತ್ತದೆ?

ಮನೆಯಲ್ಲಿ ಕೋಳಿಮರಿ ಮಾಡಿಸುವವರ ಇನ್‌ಕ್ಯುಬೇಟರ್, ಅಂದರೆ ಮೊಟ್ಟೆಗೆ ಕಾವು ಕೊಡುವ ಪೆಟ್ಟಿಗೆ, ರಿಪೇರಿ ಮಾಡುವುದು ನನ್ನ ಕೆಲಸ. ಬಂದವರೆಲ್ಲ ಕೇಳುವುದು ಒಂದೇ: "ಇನ್ನೆಷ್ಟು ವರ್ಷ ಬರುತ್ತೆ ಸಾರ್?" ನಾನು ವರ್ಷ ಕೇಳುವುದಿಲ್ಲ, ಎಷ್ಟು ಸಲ ಮೊಟ್ಟೆ ಇಟ್ಟಿದ್ದೀರಿ ಅಂತ ಕೇಳುತ್ತೇನೆ. ಕೋಳಿಮೊಟ್ಟೆಗೆ ಕಾವು 21 ದಿನ. ಅಂದರೆ ಒಂದು ಸಲಕ್ಕೆ ಸುಮಾರು 500 ಗಂಟೆ ಬಿಡುವಿಲ್ಲದೆ ಓಡಬೇಕು. ವರ್ಷಕ್ಕೆರಡು ಸಲ ಓಡಿದ್ದಕ್ಕೂ ತಿಂಗಳು ತಿಂಗಳು ಓಡಿದ್ದಕ್ಕೂ ಒಂದೇ ಲೆಕ್ಕ ಹೇಗಾಗುತ್ತದೆ?

ಆಮೇಲೆ ಮುಚ್ಚಳ ತೆಗೆದು ಫ್ಯಾನ್ ನೋಡುತ್ತೇನೆ. ಮರಿಗಳ ಮೈ ಒಣಗುವಾಗ ಸಣ್ಣ ಧೂಳಿನಂತೆ ತುಪ್ಪಳ ಉದುರುತ್ತದೆ. ಅದು ಗಾಳಿಯಲ್ಲಿ ಸುತ್ತಿ ಫ್ಯಾನಿನ ರೆಕ್ಕೆಗೆ, ಹೀಟರಿಗೆ, ಸೆನ್ಸರಿನ ತುದಿಗೆ ಹಿಡಿಯುತ್ತದೆ. ಒಳಗೆ ತೇವ ಬೇರೆ ಜಾಸ್ತಿ, ಹಾಗಾಗಿ ಗಟ್ಟಿಯಾಗಿ ಕೂತುಬಿಡುತ್ತದೆ. ಫ್ಯಾನ್ ನಿಧಾನವಾದರೆ ಒಂದು ಮೂಲೆ ಬಿಸಿ, ಇನ್ನೊಂದು ಮೂಲೆ ತಣ್ಣಗೆ. ಹೀಟರ್ ಸುಟ್ಟು ಬಂದವಕ್ಕಿಂತ ಫ್ಯಾನ್ ಹೋಗಿ ಬಂದವೇ ನನ್ನ ಟೇಬಲ್ ಮೇಲೆ ಜಾಸ್ತಿ.

ಪೂರ್ತಿ ನಿಂತುಹೋದರೆ ಹೇಗೋ ಗೊತ್ತಾಗುತ್ತದೆ. ನನಗೆ ಹೆದರಿಕೆ ತಪ್ಪು ತೋರಿಸುತ್ತಾ ಓಡುವ ಮಷಿನ್ ಕಂಡರೆ. ಡಿಸ್‌ಪ್ಲೇಯಲ್ಲಿ 37.5 ಡಿಗ್ರಿ, ಒಳಗೆ ಇನ್ನೇನೋ. ಕಾವು ಕಡಿಮೆಯಾದರೆ ಮರಿ ತಡವಾಗಿ ಬರುತ್ತದೆ. ಜಾಸ್ತಿಯಾದರೆ ಬೇಗ ಬರುತ್ತದೆ, ಆದರೆ ಹೊಕ್ಕುಳು ಸರಿಯಾಗಿ ಮುಚ್ಚಿರುವುದಿಲ್ಲ. ಪಾಪ, ಜನ ಮೊಟ್ಟೆಯನ್ನು ಬೈಯುತ್ತಾರೆ, ಹುಂಜವನ್ನು ಬೈಯುತ್ತಾರೆ. ಜ್ವರ ನೋಡುವ ಡಿಜಿಟಲ್ ಥರ್ಮಾಮೀಟರ್ ಮನೆಯಲ್ಲಿರುತ್ತದೆ ಅಲ್ವಾ? ಅದನ್ನು ಮೊಟ್ಟೆಯ ಮಟ್ಟದಲ್ಲಿಟ್ಟು ಹೋಲಿಸಿ. ತೇವದ ಸೆನ್ಸರ್ ಅಂತೂ ಶಾಖದ ಸೆನ್ಸರಿಗಿಂತ ಬೇಗ ದಾರಿ ತಪ್ಪುತ್ತದೆ.

ಥರ್ಮೋಕೋಲ್ ಪೆಟ್ಟಿಗೆ ಬೇಗ ಹೋಗುತ್ತದೆ. ಸಂದಿಯಲ್ಲಿ ಕೊಳೆ ಸೇರಿದರೆ ತೊಳೆದರೂ ವಾಸನೆ ಬಿಡುವುದಿಲ್ಲ. ಗಟ್ಟಿ ಪ್ಲಾಸ್ಟಿಕ್ಕಿನದಾದರೆ ಫ್ಯಾನ್, ಸೆನ್ಸರ್ ಬದಲಾಯಿಸಿಕೊಂಡು ಎಷ್ಟೋ ವರ್ಷ ಓಡಿಸಬಹುದು.

ಮೊಟ್ಟೆ ತಿರುಗಿಸುವ ಟ್ರೇಯನ್ನು ಮಾತ್ರ ಕೈಯಿಂದ ಒತ್ತಿ ತಿರುಗಿಸಬೇಡಿ. ಒಳಗಿನ ಪ್ಲಾಸ್ಟಿಕ್ ಗೇರಿನ ಹಲ್ಲು ಮುರಿಯುವುದು ಹೆಚ್ಚಾಗಿ ಹೀಗೆಯೇ. 18ನೇ ದಿನ ಹೇಗೂ ತಿರುಗಿಸುವುದನ್ನು ನಿಲ್ಲಿಸಬೇಕು, ಆಗ ಬಿಚ್ಚಿ ತೆಗೆದಿಡಿ.

ಮರಿಗಳನ್ನು ಎತ್ತಿದ ದಿನವೇ ಪ್ಲಗ್ ತೆಗೆದು, ಮೆತ್ತನೆ ಬ್ರಷ್‌ನಿಂದ ತುಪ್ಪಳ ಉಜ್ಜಿ, ನೀರಿನ ತಟ್ಟೆ ತೊಳೆದು, ಚೆನ್ನಾಗಿ ಒಣಗಿಸಿ. ತೇವವಿರುವಾಗಲೇ ಮುಚ್ಚಿಟ್ಟರೆ ಒಳಗಿನ ಎಲೆಕ್ಟ್ರಾನಿಕ್ ಬೋರ್ಡಿಗೆ ತುಕ್ಕು ಹಿಡಿಯುತ್ತದೆ. ಮುಂದಿನ ಸಲ ಮೊಟ್ಟೆ ಇಡುವ ಮುಂಚೆ ಒಂದು ದಿನ ಖಾಲಿ ಓಡಿಸಿ ನೋಡಿ. ಫ್ಯಾನ್ ಕರಕರ ಅಂದರೆ ಆಗಲೇ ಬದಲಾಯಿಸಿಬಿಡಿ.