ಸಿಯಾಟಲ್‌ನ ಕೂಸಿನ ಕಿವಿಗೆ ಕನ್ನಡ: ಊರಿನ ಅಜ್ಜ-ಅಜ್ಜಿಯರಿಗೆ

ಅಮೆರಿಕದಲ್ಲಿ ಬೆಳೆದ ಮಕ್ಕಳು ‘ಕತ್ತು’, ‘ಕಟ್ಟು’ ಎರಡನ್ನೂ ಒಂದೇ ಥರ ಹೇಳಿದರೆ, ನಾಲಿಗೆ ಹೊರಳುತ್ತಿಲ್ಲ ಅಂತ ಊರಲ್ಲಿ ಅಂದುಕೊಳ್ಳುತ್ತೀರಿ. ತೊಡಕು ಶುರುವಾಗುವುದು ಕಿವಿಯಲ್ಲಿ, ಅದೂ ಮೊದಲ ಹುಟ್ಟುಹಬ್ಬಕ್ಕಿಂತ ಮುಂಚೆ.

ಸಿಯಾಟಲ್‌ನಿಂದ ಗಡಿ ದಾಟಿದರೆ ಸಿಗುವ ವ್ಯಾಂಕೂವರ್‌ನಲ್ಲಿ ಜಾನೆಟ್ ವರ್ಕರ್ ಮತ್ತು ರಿಚರ್ಡ್ ಟೀಸ್ 1984ರಲ್ಲಿ ಪ್ರಕಟಿಸಿದ ಅಧ್ಯಯನ ಇದನ್ನೇ ತೋರಿಸಿತು. ಇಂಗ್ಲಿಷ್ ಮನೆಯ 6-8 ತಿಂಗಳ ಕೂಸುಗಳಲ್ಲಿ ಹೆಚ್ಚಿನವು ಹಿಂದಿಯ ತ-ಟ ವ್ಯತ್ಯಾಸವನ್ನು ಗುರುತಿಸಿದವು. 10-12 ತಿಂಗಳಿಗೆ ಬರುವಷ್ಟರಲ್ಲಿ ಬಹುತೇಕ ಕೂಸುಗಳಿಗೆ ಅದು ಆಗಲಿಲ್ಲ. ಹಿಂದಿ ಕೇಳುತ್ತ ಬೆಳೆದ ಅದೇ ವಯಸ್ಸಿನ ಕೂಸುಗಳಿಗೆ ಆ ಶಕ್ತಿ ಉಳಿದಿತ್ತು. ನಮ್ಮ ತ-ಟವೂ ಅದೇ ಜಾತಿಯದು. ದೊಡ್ಡವರಾದ ಮೇಲೂ ಕಲಿಯಬಹುದು, ಆದರೆ ಆಗ ದುಡಿದು ಕಲಿಯಬೇಕು. ‘ಮೊದಲು ಇಂಗ್ಲಿಷ್ ಬರಲಿ, ಕನ್ನಡ ಮೂರು ವರ್ಷದ ಮೇಲೆ ನೋಡಿಕೊಂಡರಾಯ್ತು’ ಎಂಬ ಸಲಹೆಯನ್ನು ದಯವಿಟ್ಟು ಕೊಡಬೇಡಿ. ಡೇ ಕೇರ್‌ಗೆ ಹೋದ ಮಗುವಿಗೆ ಇಂಗ್ಲಿಷ್ ತಾನಾಗಿಯೇ ಬರುತ್ತದೆ.

ಹಾಗಂತ ಟಿವಿಯಲ್ಲಿ ಕನ್ನಡ ಶಿಶುಗೀತೆ ಹಚ್ಚಿಟ್ಟರೆ ಸಾಲದು. ಸಿಯಾಟಲ್‌ನಲ್ಲೇ ಪೆಟ್ರಿಷಿಯಾ ಕೂಲ್ ತಂಡ 9 ತಿಂಗಳ ಕೂಸುಗಳ ಜತೆ ಚೀನೀಯರ ಮ್ಯಾಂಡರಿನ್ ಭಾಷೆಯಲ್ಲಿ ಆಟವಾಡಿಸಿತು: ತಲಾ 25 ನಿಮಿಷದ 12 ಸಲ, ಒಟ್ಟು ಐದೇ ಗಂಟೆ. ಎದುರಿಗೆ ಕೂತು ಮಾತಾಡಿದವರಿಂದ ಕೂಸುಗಳು ಆ ಭಾಷೆಯ ಸದ್ದುಗಳನ್ನು ಕಲಿತವು. ಅದೇ ಮಾತನ್ನು ಪರದೆಯಲ್ಲಿ ನೋಡಿದ ಕೂಸುಗಳೂ, ಬರೀ ಧ್ವನಿ ಕೇಳಿದ ಕೂಸುಗಳೂ ಏನನ್ನೂ ಕಲಿಯಲಿಲ್ಲ. 2003ರ ಈ ಫಲಿತಾಂಶ ಪ್ರತಿ ಹೊರನಾಡ ಮನೆಯ ಗೋಡೆ ಮೇಲೆ ಇರಬೇಕಾದದ್ದು.

ಹಾಗಾದರೆ ನಿಮ್ಮ ವಿಡಿಯೊ ಕಾಲ್? ಅದು ಟಿವಿಯಂತಲ್ಲ, ಮಗು ಮಾಡಿದ್ದಕ್ಕೆ ನೀವು ತಕ್ಷಣ ಓಗೊಡುತ್ತೀರಿ. ಎರಡು ವರ್ಷದ ಆಸುಪಾಸಿನ ಮಕ್ಕಳು ಇಂಥ ಮಾತುಕತೆಯಿಂದ ಪದ ಕಲಿಯುತ್ತಾರೆ. ಇನ್ನೂ ಚಿಕ್ಕ ಕೂಸಾದರೆ ಅದರ ಪಕ್ಕದಲ್ಲಿ ಕನ್ನಡ ಮಾತಾಡುವ ದೊಡ್ಡವರೊಬ್ಬರು ಇರಲೇಬೇಕು. ಬೆಂಗಳೂರಿನ ರಾತ್ರಿ 8 ಗಂಟೆ ಎಂದರೆ ಸಿಯಾಟಲ್‌ನಲ್ಲಿ ಬೇಸಿಗೆಯಲ್ಲಿ ಬೆಳಿಗ್ಗೆ 7.30, ಚಳಿಗಾಲದಲ್ಲಿ 6.30. ಕೂಸು ಎದ್ದು ಹಾಲು ಕುಡಿದ ಹೊತ್ತು ನೋಡಿ ಕರೆ ಮಾಡಿ, ಹತ್ತು ನಿಮಿಷ ಸಾಕು. ಎರಡೂ ಕಡೆ ಒಂದೊಂದು ಚಮಚ, ಒಂದೊಂದು ಲೋಟ ಇಟ್ಟುಕೊಳ್ಳಿ. ಕೂಸು ಚಮಚ ಎತ್ತಿದರೆ ನೀವೂ ಎತ್ತಿ. ‘ಚಮಚ ಬೇಕಾ ಪುಟ್ಟಾ? ಚಮಚದಲ್ಲಿ ಮಮ್ಮು ತಿಂತೀಯಾ?’ ಎಂದು ರಾಗವಾಗಿ, ನಿಧಾನವಾಗಿ ಕೇಳಿ ಸುಮ್ಮನಾಗಿ. ಮನಸ್ಸಲ್ಲೇ ಐದು ಎಣಿಸಿ. ಕೂಸು ‘ಬಾ’ ಅಂದರೂ ಅದು ಉತ್ತರವೇ, ಅದಕ್ಕೆ ಮರುಮಾತು ಕೊಡಿ. ತಪ್ಪಾಗುವುದು ಇಲ್ಲಿಯೇ: ‘ಅಜ್ಜಿ ಅನ್ನು, ಅನ್ನು ನೋಡೋಣ’ ಎಂದು ಪರೀಕ್ಷೆಗೆ ಕೂರಿಸಿದರೆ ಕೂಸು ಮುಖ ತಿರುಗಿಸಿಬಿಡುತ್ತದೆ.

ಬಿಡಿ ಪದ ಹೇಳದೆ ಪೂರ್ತಿ ವಾಕ್ಯದಲ್ಲೇ ಮಾತಾಡಿ. ಯಾಕೆಂದರೆ, ಹರಿಯುವ ಮಾತಿನಲ್ಲಿ ಯಾವ ಸದ್ದುಗಳು ಮತ್ತೆ ಮತ್ತೆ ಒಟ್ಟಿಗೆ ಬರುತ್ತವೆ ಎಂದು ಎಂಟು ತಿಂಗಳ ಕೂಸೂ ಲೆಕ್ಕ ಇಡುತ್ತದೆ. ಚಮಚ, ಚಮಚಕ್ಕೆ, ಚಮಚದಲ್ಲಿ ಎಂದು ಕೇಳಿದರೆ ವಿಭಕ್ತಿ ಕಿವಿಗೆ ಬೀಳುತ್ತದೆ. ‘ಸ್ಪೂನ್ ತಗೋ, ಮಿಲ್ಕ್ ಕುಡಿ’ ಎನ್ನುವ ಮನೆಯಲ್ಲಿ ಮಗುವಿಗೆ ದಕ್ಕುವ ಕನ್ನಡ ಕ್ರಿಯಾಪದ ಮಾತ್ರ. ಮಗು ತಾನಾಗಿ ಎರಡೂ ಭಾಷೆ ಬೆರೆಸಿದರೆ ಬೆರೆಸಲಿ, ಅದು ಗೊಂದಲದ ಲಕ್ಷಣವಲ್ಲ.

ಮಗುವಿಗೆ ಎಷ್ಟು ಪದ ಬರುತ್ತದೆ ಎಂದು ಎಣಿಸುವಾಗ ಎರಡೂ ಭಾಷೆಯನ್ನು ಕೂಡಿಸಿ ಎಣಿಸಬೇಕು. ವರ್ಷದೊಳಗೆ ತೊದಲೇ ಇಲ್ಲದಿದ್ದರೆ, 16 ತಿಂಗಳಿಗೆ ಒಂದು ಪದವೂ ಬಾರದಿದ್ದರೆ, 24 ತಿಂಗಳಿಗೆ ‘ಅಮ್ಮ ಬಾ’ ಥರದ ಎರಡು ಪದದ ಮಾತಿಲ್ಲದಿದ್ದರೆ ‘ಎರಡು ಭಾಷೆಯಿಂದ ತಡ’ ಎಂದು ಕಾಯಬೇಡಿ. ಎರಡು ಭಾಷೆ ಅಂಥ ತಡಕ್ಕೆ ಕಾರಣವಾಗುವುದಿಲ್ಲ. ಹುಟ್ಟಿದಾಗ ಆಗಿದ್ದರೂ ಶ್ರವಣ ಪರೀಕ್ಷೆಯನ್ನು ಮೊದಲು ಮತ್ತೆ ಮಾಡಿಸಲಿ. ಮೂರು ವರ್ಷದೊಳಗಿನ ಮಕ್ಕಳಿಗೆ ಅಮೆರಿಕದಲ್ಲಿ ಬೆಳವಣಿಗೆಯ ಮೌಲ್ಯಮಾಪನ ಉಚಿತ, ಸಾಧ್ಯವಿದ್ದಷ್ಟೂ ಅದನ್ನು ಮನೆಮಾತಿನಲ್ಲೇ ನಡೆಸಬೇಕೆಂದು ಕಾನೂನೇ ಇದೆ. ಕನ್ನಡ ದುಭಾಷಿಯನ್ನು ಕೇಳಲು ನಿಮ್ಮ ಮಗ, ಮಗಳಿಗೆ ಹೇಳಿ.